ಹಡಗಿಳಿದ ಮೇಲೆ ಎಂಟು ತಾಸು



‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ನೀವು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೀರಿ. ಕೋಶ ಓದುವುದನ್ನು ಕಲಿಸಲು ಶಾಲೆಯಿದೆ, ಗುರುಗಳಿದ್ದಾರೆ. ದೇಶ ಸುತ್ತುವುದು ಹೇಗೆ ಎಂಬ ಪಾಠ ಮಾತ್ರ ಪಠ್ಯಪುಸ್ತಕದಲ್ಲಿ ಸಿಗುವುದು ಅಪರೂಪ. ಅದು ತಾನಾಗಿಯೇ ಬರುವ ವಿದ್ಯೆಯೆಂದು ನಾವು ಭಾವಿಸಿದ್ದೇವೆ. ಬಸ್ಸು ಹತ್ತಿದರಾಯಿತು, ಇಳಿದರಾಯಿತು, ಕಂಡದ್ದನ್ನು ನೋಡಿದರಾಯಿತು ಎಂಬುದು ಸಾಮಾನ್ಯ ಅಭಿಪ್ರಾಯ. ಆದರೆ ದೊಡ್ಡ ನಗರವೊಂದರಲ್ಲಿ ಹೀಗೆ ಇಳಿದವರು ಬಿಸಿಲಲ್ಲಿ ಅಲೆದು, ಹಣ ಕಳೆದು, ನೋಡಬೇಕೆಂದಿದ್ದನ್ನು ನೋಡದೆ ಹಿಂದಿರುಗುವುದು ಎಷ್ಟು ಸಾಮಾನ್ಯವೆಂಬುದು ನಿಮಗೂ ಗೊತ್ತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಈ ಐದು ತಾಲ್ಲೂಕುಗಳ ವಿದ್ಯಾರ್ಥಿಗಳನ್ನು ಕಣ್ಣ ಮುಂದಿರಿಸಿಕೊಂಡು ಇಂದಿನ ಮಾತನ್ನು ಸಿದ್ಧಪಡಿಸಿದ್ದೇನೆ. ಆದರೆ ಆರಂಭ ಮಾಡುವುದು ಸಮುದ್ರದಿಂದ. ಬಯಲುಸೀಮೆಯ ಮಕ್ಕಳಿಗೆ ಹಡಗಿನ ಕಥೆ ಯಾಕೆ ಎಂದು ನೀವು ಕೇಳಬಹುದು. ಕಾರಣವಿದೆ. ಗೊತ್ತಿಲ್ಲದ ಊರಿನಲ್ಲಿ, ಎಣಿಸಿದ ಕೆಲವೇ ಗಂಟೆಗಳಲ್ಲಿ, ನೋಡಬೇಕಾದ್ದನ್ನು ನೋಡಿ, ತಪ್ಪದೆ ಹಿಂದಿರುಗಬೇಕಾದ ಕಟ್ಟುಪಾಡು ಹಡಗಿನ ಪ್ರವಾಸಿಗೆ ಇರುವಷ್ಟು ಬಿಗಿಯಾಗಿ ಬೇರೆ ಯಾರಿಗೂ ಇರುವುದಿಲ್ಲ. ಅವನ ಲೆಕ್ಕವನ್ನು ಕಲಿತರೆ ಶೈಕ್ಷಣಿಕ ಪ್ರವಾಸಕ್ಕೆ ಹೊರಟ ಶಾಲೆಯೂ, ಸಂದರ್ಶನಕ್ಕೆಂದು ಬೆಂಗಳೂರಿಗೆ ಬಂದ ಪದವೀಧರನೂ ಅದನ್ನೇ ಬಳಸಬಹುದು.

ಹಡಗಿನ ಗಡಿಯಾರ

ಪ್ರವಾಸಿ ಹಡಗು ಒಂದು ತೇಲುವ ವಸತಿಗೃಹವಿದ್ದಂತೆ. ಊಟ, ನಿದ್ರೆ, ಮನರಂಜನೆ ಎಲ್ಲವೂ ಅದರಲ್ಲೇ. ರಾತ್ರಿ ಪ್ರಯಾಣ ಮಾಡಿ ಬೆಳಿಗ್ಗೆ ಒಂದು ಬಂದರಿನಲ್ಲಿ ನಿಲ್ಲುತ್ತದೆ. ಸಂಜೆ ಮತ್ತೆ ಹೊರಡುತ್ತದೆ. ನಮ್ಮ ರಾಜ್ಯದಲ್ಲಿ ಇಂಥ ಹಡಗುಗಳು ಬರುವುದು ಮಂಗಳೂರಿನ ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿಗೆ. 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿ, 1975ರ ಜನವರಿಯಲ್ಲಿ ಉದ್ಘಾಟನೆಗೊಂಡ ಬಂದರು ಇದು. ಅದಿರು, ಎಣ್ಣೆ, ಕಲ್ಲಿದ್ದಲಿನ ಹಡಗುಗಳ ನಡುವೆ, ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ವಿದೇಶಿ ಪ್ರವಾಸಿಗರನ್ನು ಹೊತ್ತ ಹಡಗುಗಳೂ ಇಲ್ಲಿಗೆ ಬಂದುಹೋಗುತ್ತವೆ. ಮುಂಬಯಿಯಿಂದ 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಕಂಪನಿಯ ಹಡಗು ಗೋವಾ, ಕೊಚ್ಚಿ, ಲಕ್ಷದ್ವೀಪಗಳತ್ತ ಪ್ರಯಾಣ ಆರಂಭಿಸಿದ ಮೇಲೆ, ಇಂಥ ವಿಹಾರ ನಮ್ಮ ದೇಶದ ಮಧ್ಯಮ ವರ್ಗದವರ ಮಾತುಕತೆಯಲ್ಲೂ ಕೇಳಿಬರುತ್ತಿದೆ.

ಹಡಗು ನಿಂತೊಡನೆ ಪ್ರಯಾಣಿಕ ಇಳಿದು ಓಡುವಂತಿಲ್ಲ. ಬಂದರಿನ ಅಧಿಕಾರಿಗಳ ತಪಾಸಣೆ ಮುಗಿಯಬೇಕು. ಏಣಿಮೆಟ್ಟಿಲು ಇಳಿಸಬೇಕು. ಬಂದರಿನ ಆವರಣ ಕಾವಲಿನ ಪ್ರದೇಶ. ಕ್ರೇನು, ಲಾರಿಗಳ ನಡುವೆ ಮನಬಂದಂತೆ ನಡೆದಾಡಲು ಬಿಡುವುದಿಲ್ಲ. ಸಾಮಾನ್ಯವಾಗಿ ವಾಹನದಲ್ಲಿ ಕೂರಿಸಿ ಹೆಬ್ಬಾಗಿಲಿಗೆ ತಂದು ಬಿಡುತ್ತಾರೆ. ಹೊರಗೆ ಬಂದ ಪ್ರಯಾಣಿಕನ ಎದುರು ಎರಡು ದಾರಿಗಳಿರುತ್ತವೆ. ಹಡಗಿನವರೇ ಏರ್ಪಡಿಸಿದ ಬಸ್ಸಿನಲ್ಲಿ ಹೆಚ್ಚು ಹಣ ಕೊಟ್ಟು ಹೋಗುವುದು ಒಂದು. ತಾನೇ ಬಾಡಿಗೆ ಕಾರು ಹಿಡಿದು ಹೋಗುವುದು ಇನ್ನೊಂದು. ಮೊದಲನೆಯದರಲ್ಲಿ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಯಾಕೆಂದರೆ ತಡ ಮಾಡಿದ್ದು ಅವರದೇ ಬಸ್ಸು. ಎರಡನೆಯದರಲ್ಲಿ ಹಣ ಉಳಿಯುತ್ತದೆ, ಸ್ವಾತಂತ್ರ್ಯವಿರುತ್ತದೆ. ಆದರೆ ತಡವಾದರೆ ಹಡಗು ಹೊರಟೇ ಹೋಗುತ್ತದೆ. ಹಿಂದುಳಿದವನು ತನ್ನ ಖರ್ಚಿನಲ್ಲಿ ಮುಂದಿನ ಬಂದರಿಗೆ ಹೋಗಿ ಹಡಗನ್ನು ಹಿಡಿಯಬೇಕು. ಆದ್ದರಿಂದ ಹಡಗು ಹೊರಡುವ ವೇಳೆಗಿಂತ ಹಡಗಿನೊಳಗೆ ಮರಳಬೇಕಾದ ವೇಳೆ ಮುಖ್ಯ. ಅದು ಹೊರಡುವುದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಇರುತ್ತದೆ.

ಕೊನೆಯಿಂದ ಆರಂಭಿಸುವ ಲೆಕ್ಕ

ಇಲ್ಲಿಯೇ ನಾವು ಕಲಿಯಬೇಕಾದ ಮುಖ್ಯ ಸೂತ್ರವಿದೆ. ನಾವು ಪ್ರವಾಸದ ಪಟ್ಟಿಯನ್ನು ಬೆಳಗಿನಿಂದ ಬರೆಯುತ್ತೇವೆ: ‘ಎಂಟಕ್ಕೆ ಇಳಿಯುವುದು, ಒಂಬತ್ತಕ್ಕೆ ದೇವಸ್ಥಾನ, ಹತ್ತಕ್ಕೆ ವಸ್ತುಸಂಗ್ರಹಾಲಯ...’ ಹೀಗೆ. ಬಲ್ಲ ಪ್ರವಾಸಿ ಸಂಜೆಯಿಂದ ಬರೆಯುತ್ತಾನೆ. ಹಿಂದಿರುಗಬೇಕಾದ ಗಳಿಗೆಯನ್ನು ಮೊದಲು ಗುರುತಿಸಿ, ಅಲ್ಲಿಂದ ಹಿಂದಕ್ಕೆ ಒಂದೊಂದೇ ಮೆಟ್ಟಿಲು ಇಳಿದು ಬರುತ್ತಾನೆ.

ಒಂದು ಉದಾಹರಣೆ ನೋಡೋಣ. ಹಡಗು ಬೆಳಿಗ್ಗೆ 8ಕ್ಕೆ ಪಣಂಬೂರಿನಲ್ಲಿ ನಿಂತಿತು ಎಂದಿಟ್ಟುಕೊಳ್ಳಿ. ಸಂಜೆ 5ಕ್ಕೆ ಹೊರಡುತ್ತದೆ, 4ಕ್ಕೆ ಎಲ್ಲರೂ ಒಳಗಿರಬೇಕು. ಎಂಟರಿಂದ ನಾಲ್ಕರವರೆಗೆ ಎಂಟು ತಾಸು ಕೈಯಲ್ಲಿದೆ ಎಂದು ಯಾರಾದರೂ ಹೇಳುತ್ತಾರೆ. ಈಗ ಕೊನೆಯಿಂದ ಲೆಕ್ಕ ಹಾಕಿ. 4ಕ್ಕೆ ಒಳಗಿರಬೇಕಾದರೆ 3-30ಕ್ಕೆ ಬಂದರಿನ ಹೆಬ್ಬಾಗಿಲಿನಲ್ಲಿರಬೇಕು. ದಾರಿಯಲ್ಲಿ ಟೈರು ಪಂಕ್ಚರ್ ಆಗಬಹುದು, ಮೆರವಣಿಗೆ ಅಡ್ಡ ಬರಬಹುದು. ಅದಕ್ಕೆಂದು ಒಂದು ಗಂಟೆ ತೆಗೆದಿಡಿ. ಎಂದರೆ 2-30ಕ್ಕೆ ನೀವು ಬಂದರಿನ ಹತ್ತಿರ ಬಂದಿರಬೇಕು. ಬೆಳಿಗ್ಗೆ ತಪಾಸಣೆ ಮುಗಿಸಿ ಹೊರಬರುವಾಗ 9-30 ಆಗಿರುತ್ತದೆ. ಉಳಿದದ್ದು ಐದು ಗಂಟೆ. ಊಟ, ನೀರು, ಕೈಕಾಲು ತೊಳೆಯುವುದಕ್ಕೆ ಒಂದು ಗಂಟೆ ಕಳೆಯಿರಿ. ನಿಜವಾದ ಕೈಗಾಸು ನಾಲ್ಕೇ ಗಂಟೆ. ಎಂಟು ಎಂದುಕೊಂಡದ್ದು ಅರ್ಧಕ್ಕೆ ಇಳಿಯಿತು.

ಈ ನಾಲ್ಕು ಗಂಟೆಯಲ್ಲಿ ಏನು ನೋಡಬಹುದು? ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರ ಕಾಲದ್ದು. ಹಡಗಿನವರು ಹೆಚ್ಚಾಗಿ ನೋಡಬಯಸುವ ಸ್ಥಳ. ಹೋಗಲು ಸುಮಾರು ಒಂದು ಗಂಟೆ, ಬರಲು ಒಂದು ಗಂಟೆ. ಬಸದಿಯ ಕಂಬಗಳನ್ನು ನಿಧಾನವಾಗಿ ನೋಡಲು ಎರಡು ಗಂಟೆ ಉಳಿಯುತ್ತದೆ. ಅಲ್ಲಿಂದ ಇನ್ನೂ ಹದಿನೆಂಟು ಕಿಲೋಮೀಟರಿನಷ್ಟು ಮುಂದೆ ಕಾರ್ಕಳ. ಅಲ್ಲಿ 1432ರಲ್ಲಿ ಪ್ರತಿಷ್ಠಾಪಿತವಾದ 42 ಅಡಿ ಎತ್ತರದ ಗೊಮ್ಮಟನಿದ್ದಾನೆ. ‘ಇಷ್ಟು ದೂರ ಬಂದು ಅದನ್ನೂ ನೋಡದಿದ್ದರೆ ಹೇಗೆ?’ ಎಂದು ಮನಸ್ಸು ಹೇಳುತ್ತದೆ. ಲೆಕ್ಕ ಬೇರೆ ಹೇಳುತ್ತದೆ. ಕಾರ್ಕಳ ಸೇರಿಸಿದರೆ ರಸ್ತೆಗೇ ಮೂರು ಗಂಟೆ ಬೇಕು. ಉಳಿದ ಒಂದು ಗಂಟೆಯಲ್ಲಿ ಬಸದಿಗೂ ಪಾಲು, ಬೆಟ್ಟ ಹತ್ತುವುದಕ್ಕೂ ಪಾಲು. ಎರಡನ್ನೂ ನೋಡಿದ ಹೆಸರು ಬರುತ್ತದೆ, ಒಂದನ್ನೂ ನೋಡಿದ ತೃಪ್ತಿ ಬರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹಣಕ್ಕೆ ಹೇಗೋ ವೇಳೆಗೂ ಹಾಗೆಯೇ ಸಲ್ಲುತ್ತದೆ.

ದಿಕ್ಕು ನೋಡಿ ಆರಿಸಬೇಕು

ಮಂಗಳೂರಿಗಿಂತ ಎಷ್ಟೋ ಪಾಲು ಹರಡಿಕೊಂಡ ನಗರ ಮುಂಬಯಿ. ಅಲ್ಲಿ ವೇಳೆಯ ಲೆಕ್ಕದ ಜೊತೆಗೆ ದಿಕ್ಕಿನ ಲೆಕ್ಕವೂ ಬೇಕು. ಮುಂಬಯಿಯ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ. ಊರು ದುಂಡಗಿಲ್ಲ, ಸಮುದ್ರದೊಳಕ್ಕೆ ಚಾಚಿದ ಬೆರಳಿನಂತೆ ದಕ್ಷಿಣೋತ್ತರವಾಗಿ ಉದ್ದಕ್ಕಿದೆ. ಹಡಗುಗಳು ನಿಲ್ಲುವ ಬಲ್ಲಾರ್ಡ್ ಪಿಯರ್ ದಕ್ಷಿಣದ ತುದಿಯಲ್ಲಿದೆ. ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ರೈಲು ನಿಲ್ದಾಣವಿದೆ; 2004ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಕಟ್ಟಡ. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಠಾಣೆಗೆ ಹೊರಟದ್ದು ಇದೇ ಜಾಗದ ಬೋರಿಬಂದರಿನಿಂದ. 1924ರಲ್ಲಿ ಪೂರ್ಣಗೊಂಡ ಗೇಟ್‌ವೇ ಆಫ್ ಇಂಡಿಯಾ, ಅದರ ಸಮೀಪದ ದೊಡ್ಡ ವಸ್ತುಸಂಗ್ರಹಾಲಯ, ಮರೀನ್ ಡ್ರೈವ್ ಎಲ್ಲವೂ ಇದೇ ತುದಿಯಲ್ಲಿವೆ. ಕನ್ಹೇರಿ ಗುಹೆಗಳಾದರೋ ಉತ್ತರದ ಬೋರಿವಲಿಯ ಕಾಡಿನಲ್ಲಿ, ಮೂವತ್ತು ಕಿಲೋಮೀಟರಿಗೂ ದೂರ. ಪ್ರಸಿದ್ಧಿಯ ಪಟ್ಟಿ ಮಾಡಿದರೆ ಗೇಟ್‌ವೇ ಮತ್ತು ಕನ್ಹೇರಿ ಅಕ್ಕಪಕ್ಕ ಕೂರುತ್ತವೆ. ದಿಕ್ಕಿನ ಪಟ್ಟಿ ಮಾಡಿದರೆ ಅವು ಎರಡು ಬೇರೆ ದಿನಗಳ ಕೆಲಸ.

ಎಲಿಫೆಂಟಾ ಗುಹೆಗಳಿಗೆ ಗೇಟ್‌ವೇ ಬಳಿಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. ದೋಣಿಯಿಂದ ಇಳಿದ ಮೇಲೆ ಮೆಟ್ಟಿಲು ಹತ್ತಬೇಕು. ಹಿಂದಿರುಗುವಾಗ ದೋಣಿಗಾಗಿ ಕಾಯಬೇಕು. ಅದನ್ನು ಆರಿಸಿಕೊಂಡರೆ ಆ ದಿನ ಅದೇ ಮುಖ್ಯ ಕಾರ್ಯಕ್ರಮ. ಸೋಮವಾರ ಅದು ಮುಚ್ಚಿರುತ್ತದೆ. ಈ ಒಂದು ಸಂಗತಿಯನ್ನು ಮೊದಲೇ ವಿಚಾರಿಸದೆ ಹೋದವರ ಇಡೀ ದಿನ ವ್ಯರ್ಥವಾಗುತ್ತದೆ. ಸ್ಥಳವನ್ನು ಬರೆದುಕೊಳ್ಳುವಾಗ ಅದರ ರಜಾದಿನವನ್ನೂ ಪಕ್ಕದಲ್ಲೇ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ವಾಹನದ ಆಯ್ಕೆಗೂ ಊರಿನ ಸ್ವಭಾವ ಗೊತ್ತಿರಬೇಕು. ಮುಂಬಯಿಯ ದಕ್ಷಿಣ ಭಾಗದಲ್ಲಿ ಆಟೋರಿಕ್ಷಾ ಓಡುವುದಿಲ್ಲ. ಮಾಹಿಮ್, ಸಯನ್ ದಾಟಿದ ಮೇಲೆಯೇ ಅವು ಕಾಣುತ್ತವೆ. ಇತ್ತ ಇರುವುದು ಮೀಟರಿನ ಟ್ಯಾಕ್ಸಿ ಮತ್ತು ಬೆಸ್ಟ್ ಸಂಸ್ಥೆಯ ಬಸ್ಸು. ದೂರಕ್ಕೆ ಲೋಕಲ್ ರೈಲಿಗಿಂತ ಅಗ್ಗವಾದದ್ದೂ ವೇಗವಾದದ್ದೂ ಇಲ್ಲ. ಆದರೆ ಅದರ ಜನಪ್ರವಾಹಕ್ಕೆ ಒಂದು ದಿಕ್ಕಿದೆ: ಬೆಳಿಗ್ಗೆ ಕಚೇರಿಗಳತ್ತ ದಕ್ಷಿಣಕ್ಕೆ, ಸಂಜೆ ಮನೆಗಳತ್ತ ಉತ್ತರಕ್ಕೆ. ಬಂದರಿನಿಂದ ಬೆಳಿಗ್ಗೆ ಉತ್ತರಕ್ಕೆ ಹೋಗಿ ಸಂಜೆ ದಕ್ಷಿಣಕ್ಕೆ ಮರಳುವವನು ಈ ಪ್ರವಾಹಕ್ಕೆ ಎದುರಾಗಿ ಸಾಗುತ್ತಾನೆ. ಅವನಿಗೆ ಕೂರಲು ಜಾಗ ಸಿಗುವ ಸಂಭವ ಹೆಚ್ಚು. ಸಂಜೆ ಆರರ ಹೊತ್ತಿಗೆ ಪೆಟ್ಟಿಗೆ ಹೊತ್ತು ಉತ್ತರದ ಗಾಡಿ ಹತ್ತಲು ಹೊರಟವನ ಪಾಡು ಬೇರೆ.

ಗಂಟುಮೂಟೆಯ ದಿನ

ಹೀಗೆ ಪೆಟ್ಟಿಗೆ ಹೊತ್ತು ನಿಲ್ಲುವ ಸಂದರ್ಭ ಬರುವುದು ಪ್ರಯಾಣದ ಕೊನೆಯ ದಿನ. ಅಂದು ಹಡಗಿಗೆ ಮರಳುವುದಿಲ್ಲ. ಬೆಳಿಗ್ಗೆಯೇ ಕೋಣೆ ಬಿಡಬೇಕು. ಊರಿನ ರೈಲು ರಾತ್ರಿಗಿದೆ. ನಡುವೆ ಹತ್ತು ಹನ್ನೆರಡು ಗಂಟೆ ಬಿಡುವು, ಕೈಯಲ್ಲಿ ಗಂಟುಮೂಟೆ. ಇದಕ್ಕೆ ಮೊದಲ ಉತ್ತರ ನಗರದರ್ಶನ ಅಲ್ಲ, ಸಾಮಾನು. ಸಾಮಾನನ್ನು ಎಲ್ಲಿ ಇಡುತ್ತೀರಿ ಎಂಬುದು ತೀರ್ಮಾನವಾದ ಮೇಲೆಯೇ ಎಲ್ಲಿ ಹೋಗುತ್ತೀರಿ ಎಂಬ ಮಾತು. ದೊಡ್ಡ ರೈಲು ನಿಲ್ದಾಣಗಳಲ್ಲಿ ಸಾಮಾನು ಇಡುವ ಕೊಠಡಿ, ಅಂದರೆ ಕ್ಲೋಕ್‌ರೂಮ್ ಇರುತ್ತದೆ. ಅಲ್ಲಿ ಬೀಗ ಹಾಕಿದ ಪೆಟ್ಟಿಗೆಯನ್ನೇ ತೆಗೆದುಕೊಳ್ಳುತ್ತಾರೆ. ಪ್ರಯಾಣದ ಟಿಕೆಟು ತೋರಿಸಬೇಕು. ಪುಟ್ಟ ಬೀಗವೊಂದು ಕೈಚೀಲದಲ್ಲಿದ್ದರೆ ಅರ್ಧ ಸಮಸ್ಯೆ ಪರಿಹಾರವಾದಂತೆ.

ಯಾವ ನಿಲ್ದಾಣದಲ್ಲಿ ಇಡಬೇಕು? ನಿಮ್ಮ ರೈಲು ಹೊರಡುವ ನಿಲ್ದಾಣದಲ್ಲಿ. ‘ಮುಂಬಯಿಯಿಂದ ರೈಲು’ ಎಂದರೆ ಸಾಲದು. ಶಿವಾಜಿ ಮಹಾರಾಜ್ ನಿಲ್ದಾಣ, ದಾದರ್, ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್, ಮುಂಬಯಿ ಸೆಂಟ್ರಲ್, ಬಾಂದ್ರಾ – ಇವೆಲ್ಲವುಗಳಿಂದ ದೂರದ ಗಾಡಿಗಳು ಹೊರಡುತ್ತವೆ. ಗುಂತಕಲ್ಲಿನ ಮೂಲಕವೋ ಹುಬ್ಬಳ್ಳಿಯ ಮೂಲಕವೋ ಹೊಸಪೇಟೆ ಸೇರಬೇಕಾದ ನಮ್ಮ ಭಾಗದವರು ಟಿಕೆಟಿನ ಮೇಲಿನ ನಿಲ್ದಾಣದ ಹೆಸರನ್ನು ಎರಡು ಸಲ ಓದಬೇಕು. ಲೋಕಮಾನ್ಯ ತಿಲಕ್ ಟರ್ಮಿನಸ್ಸು ಬಂದರಿನಿಂದ ಹದಿನೈದು ಕಿಲೋಮೀಟರಿನಷ್ಟು ದೂರ. ಸಂಜೆಯ ದಟ್ಟಣೆಯಲ್ಲಿ ಆ ದೂರಕ್ಕೆ ಎಷ್ಟು ಹೊತ್ತು ಬೇಕೆಂದು ಯಾರೂ ಖಚಿತವಾಗಿ ಹೇಳಲಾರರು. ಮಧ್ಯಾಹ್ನವೇ ನಿಲ್ದಾಣದ ಕಡೆಯ ಬಡಾವಣೆಗೆ ಬಂದು, ಉಳಿದ ಹೊತ್ತನ್ನು ಅದರ ಸುತ್ತಮುತ್ತ ಕಳೆಯುವುದು ಜಾಣತನ. ಇಲ್ಲಿಯೂ ಅದೇ ಸೂತ್ರ: ಕೊನೆಯಿಂದ ಲೆಕ್ಕ.

ಮೆಜೆಸ್ಟಿಕ್ಕಿನಲ್ಲಿ ಇಳಿದಾಗ

ಈಗ ಹಡಗನ್ನು ಬಿಟ್ಟು ಬಸ್ಸಿಗೆ ಬರೋಣ. ಕೂಡ್ಲಿಗಿಯ ಒಂದು ಪ್ರೌಢಶಾಲೆಯ ಐವತ್ತು ಮಕ್ಕಳು ರಾತ್ರಿ ಹೊರಟು ಬೆಳಿಗ್ಗೆ ಆರಕ್ಕೆ ಬೆಂಗಳೂರು ತಲುಪುತ್ತಾರೆ, ಅಂದೇ ರಾತ್ರಿ ಹತ್ತಕ್ಕೆ ಮರಳಿ ಹೊರಡುತ್ತಾರೆ ಎಂದುಕೊಳ್ಳಿ. ಬೆಂಗಳೂರು ಅವರ ಬಂದರು, ರಾತ್ರಿಯ ಬಸ್ಸೇ ಅವರ ಹಡಗು. ಹದಿನಾರು ಗಂಟೆ ಇದೆ ಎಂದು ಹಿಗ್ಗುವ ಮೊದಲು ಲೆಕ್ಕ ಹಾಕಿ. ಐವತ್ತು ಮಕ್ಕಳು ಬಸ್ಸು ಹತ್ತಿ, ಎಣಿಕೆ ಮುಗಿದು, ಬಸ್ಸು ಹೊರಡಲು ಹದಿನೈದು ನಿಮಿಷ ಬೇಕು. ಇಳಿಯಲು ಮತ್ತೆ ಅಷ್ಟೇ. ಆರು ಸ್ಥಳಗಳಿಗೆ ಹೋದರೆ ಹತ್ತುವುದು ಇಳಿಯುವುದಕ್ಕೇ ಮೂರು ಗಂಟೆ! ಮೂರು ಸ್ಥಳ ಆರಿಸಿದರೆ ಒಂದೂವರೆ ಗಂಟೆ ನೋಡುವುದಕ್ಕೆ ಉಳಿಯುತ್ತದೆ.

ಯಾವ ಮೂರು? ದಿಕ್ಕನ್ನು ಕೇಳಿ. ಕಬ್ಬನ್ ಉದ್ಯಾನ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಹೊರನೋಟ, ಜವಾಹರಲಾಲ್ ನೆಹರು ತಾರಾಲಯ – ಇವೆಲ್ಲ ಒಂದೇ ಗುಂಪಿನವು. ಮೆಟ್ರೋ ರೈಲಿನ ನೇರಳೆ ಮಾರ್ಗ ಇವುಗಳ ಸಮೀಪದಲ್ಲೇ ಹಾದುಹೋಗುತ್ತದೆ. ಲಾಲ್‌ಬಾಗ್ ಹಸಿರು ಮಾರ್ಗದಲ್ಲಿದೆ. ಎರಡು ಮಾರ್ಗಗಳೂ ಮೆಜೆಸ್ಟಿಕ್ಕಿನಲ್ಲಿ ಸೇರುತ್ತವೆ. ಬನ್ನೇರುಘಟ್ಟ ಊರಿನ ದಕ್ಷಿಣದ ಅಂಚಿನಲ್ಲಿದೆ. ಅದಕ್ಕೆ ಇನ್ನೊಂದು ದಿನ ಬೇಕು. ರಜಾದಿನವನ್ನೂ ಮರೆಯಬೇಡಿ: ತಾರಾಲಯಕ್ಕೆ ಸೋಮವಾರ ರಜೆ, ಬನ್ನೇರುಘಟ್ಟದ ಜೈವಿಕ ಉದ್ಯಾನಕ್ಕೆ ಮಂಗಳವಾರ ರಜೆ.

ಪರೀಕ್ಷೆಗೋ ಸಂದರ್ಶನಕ್ಕೋ ಒಬ್ಬರೇ ಬರುವ ಕಾಲೇಜು ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ನಿಮ್ಮ ಬಸ್ಸು ತುಮಕೂರು ರಸ್ತೆಯಿಂದ ಬೆಂಗಳೂರು ಸೇರುತ್ತದೆ. ಆ ರಸ್ತೆಯ ಉದ್ದಕ್ಕೂ ಮೆಟ್ರೋ ನಿಲ್ದಾಣಗಳಿವೆ. ಬಸ್ಸು ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಅಲ್ಲಿಯೇ ಇಳಿದು ಮೆಟ್ರೋ ಹಿಡಿಯಬಹುದು. ರೈಲಿನಲ್ಲಿ ಮರಳುವವರು ಟಿಕೆಟಿನಲ್ಲಿರುವುದು ಸಂಗೊಳ್ಳಿ ರಾಯಣ್ಣ ನಿಲ್ದಾಣವೋ, ಯಶವಂತಪುರವೋ, 2022ರಿಂದ ಬಳಕೆಗೆ ಬಂದ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲೋ ನೋಡಿಕೊಳ್ಳಬೇಕು. ಒಂದರಿಂದ ಇನ್ನೊಂದಕ್ಕೆ ಇಡೀ ಊರನ್ನೇ ದಾಟಬೇಕಾಗುತ್ತದೆ. ವಿದ್ಯಾರ್ಥಿನಿಯರಿಗೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ಕೈಯಲ್ಲಿರಲಿ.

ಮೊಬೈಲ್ ಫೋನು ಇರುವಾಗ ಇಷ್ಟೆಲ್ಲ ಯಾಕೆ ಎನ್ನಬಹುದು. ಫೋನಿನ ನಕ್ಷೆ ಒಳ್ಳೆಯ ಸಾಧನವೇ. ಅದು ದಾರಿಯನ್ನು ತೋರಿಸುತ್ತದೆ. ಯಾವುದನ್ನು ಬಿಡಬೇಕು ಎಂಬುದನ್ನು ಹೇಳುವುದಿಲ್ಲ. ಬ್ಯಾಟರಿ ಮುಗಿದಾಗ ದಾರಿಯನ್ನೂ ತೋರಿಸುವುದಿಲ್ಲ. ಹಿಂದಿರುಗುವ ಸ್ಥಳ, ವೇಳೆ, ಜೊತೆಗಾರರ ಹಾಗೂ ಶಿಕ್ಷಕರ ಫೋನ್ ಸಂಖ್ಯೆ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.

ಯಾರನ್ನು ಕೇಳಬೇಕು?

‘ಬಾಯಿದ್ದವನು ಬರಗಾಲದಲ್ಲೂ ಬದುಕಿದ’ ಎಂಬ ಗಾದೆ ಬರಗಾಲ ಕಂಡ ಈ ಸೀಮೆಗೆ ಚೆನ್ನಾಗಿ ಒಪ್ಪುತ್ತದೆ. ಕೇಳುವುದಕ್ಕೆ ನಾಚಬಾರದು. ಆದರೆ ಯಾರನ್ನು ಕೇಳಬೇಕು ಎಂಬುದೂ ತಿಳಿದಿರಬೇಕು.

1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಳ್ಳುವುದಕ್ಕೆ ಬಹಳ ಹಿಂದೆ ಕರಾವಳಿಯ ಎಷ್ಟೋ ಜನ ಹೋಟೆಲು ಕೆಲಸ ಹುಡುಕಿಕೊಂಡು ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿದ್ದರು. ಅವರ ಬಳಿ ನಕ್ಷೆ ಇರಲಿಲ್ಲ. ಮೊದಲೇ ಹೋಗಿ ನೆಲೆ ನಿಂತ ಊರವರ ವಿಳಾಸವಿತ್ತು. ಆ ಪರಿಚಯವೇ ಅವರಿಗೆ ದಾರಿದೀಪ.

ನಿಮ್ಮ ಊರಿನಲ್ಲೂ ಅಂಥವರಿದ್ದಾರೆ. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಕಡೆಯ ಹಳ್ಳಿ, ತಾಂಡಾಗಳಿಂದ ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಕುಟುಂಬಗಳನ್ನು ನೀವು ಬಲ್ಲಿರಿ. ಬೆಂಗಳೂರಿನ ಕಟ್ಟಡಗಳಲ್ಲಿ ದುಡಿದ, ಮಲೆನಾಡಿನ ಕಾಫಿ ತೋಟಗಳಲ್ಲಿ ಕೆಲಸ ಮಾಡಿದ ಅಣ್ಣ, ಅಕ್ಕ, ಚಿಗವ್ವ, ಕಾಕಾ ನಿಮ್ಮ ಓಣಿಯಲ್ಲೇ ಇರಬಹುದು. ಅವರು ಶಾಲೆಯ ಮೆಟ್ಟಿಲು ಹತ್ತಿರಲಿಕ್ಕಿಲ್ಲ. ಆದರೆ ಯಾವ ಬಸ್ಸು ನಸುಕಿನಲ್ಲಿ ಸಿಗುತ್ತದೆ, ರಾತ್ರಿ ಯಾವ ನಿಲ್ದಾಣದಲ್ಲಿ ಹೆಂಗಸರು ಧೈರ್ಯವಾಗಿ ಕೂರಬಹುದು, ಎಲ್ಲಿ ಕಡಿಮೆ ದುಡ್ಡಿನಲ್ಲಿ ಹೊಟ್ಟೆ ತುಂಬುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಇಲ್ಲ. ನಗರವನ್ನು ನೋಡಲು ಹೊರಟವರು ನಗರದಲ್ಲಿ ಬೆವರು ಸುರಿಸಿದವರನ್ನು ಮೊದಲು ಕೇಳಬೇಕು. ಶೈಕ್ಷಣಿಕ ಪ್ರವಾಸದ ಸಿದ್ಧತೆಗೆ ಅಂಥವರೊಬ್ಬರನ್ನು ಶಾಲೆಗೆ ಕರೆಸಿ ಅರ್ಧ ಗಂಟೆ ಮಾತಾಡಿಸಿದರೆ, ಮಕ್ಕಳಿಗೆ ದಾರಿಯೂ ತಿಳಿಯುತ್ತದೆ, ದುಡಿಮೆಗೆ ಗೌರವವೂ ಸಲ್ಲುತ್ತದೆ.

ಪ್ರವಾಸದ ವಂತಿಗೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಆ ಹಣ ಕೆಲವು ಮನೆಗಳಲ್ಲಿ ಹಲವು ದಿನಗಳ ಕೂಲಿ. ಸರಿಯಾದ ಲೆಕ್ಕವಿಲ್ಲದೆ ಹತ್ತು ಸ್ಥಳಗಳ ಪಟ್ಟಿ ಮಾಡಿದಾಗ ಬಾಡಿಗೆಯ ಕಿಲೋಮೀಟರು ಏರುತ್ತದೆ, ವಂತಿಗೆ ಏರುತ್ತದೆ, ತರಗತಿಯಲ್ಲಿ ಕೆಲವರು ‘ನಾವು ಬರುವುದಿಲ್ಲ’ ಎಂದು ತಲೆ ತಗ್ಗಿಸುತ್ತಾರೆ. ಒಂದೇ ದಿಕ್ಕಿನ ಮೂರು ಸ್ಥಳಗಳನ್ನು ಆರಿಸಿದರೆ ಖರ್ಚು ಇಳಿದು ಅವರಲ್ಲಿ ಒಬ್ಬಿಬ್ಬರಾದರೂ ಬಸ್ಸು ಹತ್ತಬಹುದು. ವೇಳೆಯ ಲೆಕ್ಕ ಕೊನೆಗೆ ಯಾರು ಬರುತ್ತಾರೆ, ಯಾರು ಉಳಿಯುತ್ತಾರೆ ಎಂಬುದರ ಲೆಕ್ಕವೂ ಆಗುತ್ತದೆ.

ನಿಮ್ಮ ಊರೇ ಬಂದರಾದಾಗ

ಇಲ್ಲಿಯವರೆಗೆ ನೀವು ಪ್ರವಾಸಿಗಳು. ಈಗ ಆತಿಥೇಯರ ಜಾಗದಲ್ಲಿ ನಿಂತು ನೋಡಿ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪಿಯೂ ಒಂದು ಹರಡಿಕೊಂಡ ನಗರವೇ. ವಿರೂಪಾಕ್ಷ, ಹೇಮಕೂಟ, ವಿಠ್ಠಲ ದೇವಾಲಯಗಳು ಒಂದು ಕಡೆ. ಮಹಾನವಮಿ ದಿಬ್ಬ, ಕಮಲ ಮಹಲು, ಆನೆಲಾಯ ಇನ್ನೊಂದು ಕಡೆ. 2008ರಲ್ಲಿ ಆರಂಭವಾದ ಸುವರ್ಣ ರಥ ಎಂಬ ಐಷಾರಾಮಿ ರೈಲಿಗೆ ಹಂಪಿಯ ಕಲ್ಲಿನ ರಥವೇ ಹೆಸರು ಕೊಟ್ಟಿತು. ಅದು ಹಳಿಯ ಮೇಲಿನ ಹಡಗಿದ್ದಂತೆ: ರಾತ್ರಿ ಪ್ರಯಾಣ, ಹಗಲು ಇಳಿದು ನೋಡುವುದು, ಸಂಜೆ ಹತ್ತುವುದು.

ಹಂಪಿಗೆ ಬಂದವರಲ್ಲಿ ಹೆಚ್ಚಿನವರು ಹಂಪಿ ನೋಡಿ, ತುಂಗಭದ್ರಾ ಅಣೆಕಟ್ಟು ನೋಡಿ ಮರಳುತ್ತಾರೆ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಉಳಿದ ಐದು ತಾಲ್ಲೂಕುಗಳತ್ತ ಅವರು ತಿರುಗುವುದು ವಿರಳ. ನೋಡುವಂಥದ್ದು ಇಲ್ಲವೆಂದೇ? ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ಪಕ್ಷಿಧಾಮ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಸಾಲಿಗೆ ಸೇರಿತು. ಹರಪನಹಳ್ಳಿಯ ಹತ್ತಿರ ಬಾಗಳಿಯ ಕಲ್ಲೇಶ್ವರ, ಹಡಗಲಿ ತಾಲ್ಲೂಕಿನ ಹಿರೇಹಡಗಲಿಯ ಕಲ್ಲೇಶ್ವರ, ತುಂಗಭದ್ರೆಯ ದಡದ ಕುರುವತ್ತಿಯ ಮಲ್ಲಿಕಾರ್ಜುನ – ಇವು ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪವೈಭವಕ್ಕೆ ಹೆಸರಾದ ಗುಡಿಗಳು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕೋಟೆಯೂ ಇದೆ, ಕರಡಿಧಾಮವೂ ಇದೆ. ಕೊಟ್ಟೂರಿನ ಗುರು ಬಸವೇಶ್ವರ, ಉಜ್ಜಿನಿಯ ಪೀಠ, ಉಚ್ಚಂಗಿದುರ್ಗದ ಉಚ್ಚಂಗೆಮ್ಮ, ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವ ಮೈಲಾರ – ಇವುಗಳನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ಹಡಗಲಿಯ ಮಲ್ಲಿಗೆಯ ಕಂಪು ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದಿದೆ.

ಕೊರತೆ ಇರುವುದು ಸ್ಥಳಗಳದ್ದಲ್ಲ, ಲೆಕ್ಕದ್ದು. ಎರಡು ದಿನ ಹೊಸಪೇಟೆಯಲ್ಲಿ ತಂಗಿದ ಪ್ರವಾಸಿಗೆ ‘ಬೆಳಿಗ್ಗೆ ಆರಕ್ಕೆ ಹೊರಟರೆ ಏಳರ ಸುಮಾರಿಗೆ ಅಂಕಸಮುದ್ರದಲ್ಲಿ ಹಕ್ಕಿ ನೋಡಬಹುದು, ಮಧ್ಯಾಹ್ನದ ಊಟಕ್ಕೆ ಹೊಸಪೇಟೆಗೆ ಮರಳಬಹುದು’ ಎಂದು ಗಡಿಯಾರ ಹಿಡಿದು ಹೇಳುವವರು ಬೇಕು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಯ ಮೂಲಕ ಹರಿಹರಕ್ಕೆ ರೈಲು ಮಾರ್ಗವಿದೆ. ಕೂಡ್ಲಿಗಿ, ಹಡಗಲಿಗಳಿಗೆ ಬಸ್ಸೇ ಗತಿ. ಯಾವ ಊರಿಗೆ ಯಾವ ಹೊತ್ತಿಗೆ ಏನು ಸಿಗುತ್ತದೆ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಜಾತ್ರೆಯ ದಿನ ರಸ್ತೆ ಹೇಗಿರುತ್ತದೆ ಎಂಬುದು ಹೊರಗಿನವರಿಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆ. ಇತಿಹಾಸವನ್ನು ಓದಿ, ಇಂಗ್ಲಿಷ್ ಹಿಂದಿಗಳಲ್ಲಿ ನಾಲ್ಕು ಮಾತಾಡಲು ಕಲಿತು, ಈ ವೇಳೆಯ ಲೆಕ್ಕವನ್ನು ಸೇರಿಸಿಕೊಂಡರೆ ಅದು ಮಾರ್ಗದರ್ಶಿಯ ಉದ್ಯೋಗವಾಗುತ್ತದೆ. ಗುಳೆ ಹೋಗದೆ ಊರಲ್ಲೇ ನಿಲ್ಲಲು ಒಂದು ಆಸರೆಯಾಗುತ್ತದೆ.

ಮಾಡಿ ನೋಡಿ

ಕೊನೆಯದಾಗಿ ನಿಮಗೊಂದು ಕೆಲಸ. ನಾಲ್ಕು ಜನರ ತಂಡ ಕಟ್ಟಿಕೊಳ್ಳಿ. ನಿಮ್ಮ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣವನ್ನು ಬಂದರು ಎಂದು ಭಾವಿಸಿ. ಬೆಳಿಗ್ಗೆ 8ಕ್ಕೆ ಒಬ್ಬ ಅತಿಥಿ ಅಲ್ಲಿ ಇಳಿಯುತ್ತಾರೆ, ಸಂಜೆ 4ಕ್ಕೆ ಅಲ್ಲಿಯೇ ಬಸ್ಸು ಹತ್ತಬೇಕು. ಅವರಿಗೆ ಅರವತ್ತೈದು ವರ್ಷ, ಮೊಣಕಾಲು ನೋವಿದೆ, ಕನ್ನಡ ಬರುವುದಿಲ್ಲ. ಅವರಿಗೆ ಏನು ತೋರಿಸುತ್ತೀರಿ? ಮೊದಲು 4 ಗಂಟೆ ಎಂದು ಕಾಗದದ ಕೆಳಭಾಗದಲ್ಲಿ ಬರೆಯಿರಿ. ಅಲ್ಲಿಂದ ಮೇಲಕ್ಕೆ ಬರೆಯುತ್ತ ಹೋಗಿ. ಬಸ್ಸಿನ ವೇಳೆಯನ್ನು ಕಂಡಕ್ಟರನ್ನು ಕೇಳಿ, ಆಟೋ ಬಾಡಿಗೆಯನ್ನು ಚಾಲಕರನ್ನು ಕೇಳಿ, ಗುಡಿ ಬಾಗಿಲು ಹಾಕುವ ಹೊತ್ತನ್ನು ಅರ್ಚಕರನ್ನು ಕೇಳಿ. ಕುಡಿಯುವ ನೀರು, ಶೌಚಾಲಯ, ನೆರಳು ಎಲ್ಲಿವೆ ಎಂದು ಗುರುತು ಮಾಡಿ. ಇಲ್ಲದಿದ್ದರೆ ಇಲ್ಲವೆಂದೇ ಬರೆಯಿರಿ. ಆ ಪಟ್ಟಿ ಗ್ರಾಮ ಪಂಚಾಯಿತಿಗೆ ಕೊಡಲು ಉಪಯೋಗಕ್ಕೆ ಬರುತ್ತದೆ.

ಬರೆದಾದ ಮೇಲೆ ಒಂದು ಭಾನುವಾರ ಅದೇ ವೇಳಾಪಟ್ಟಿ ಹಿಡಿದು ನೀವೇ ಹೋಗಿ ಬನ್ನಿ. ಹೋಗುವಾಗ ತಂಡದಲ್ಲೊಬ್ಬರು ಗಡಿಯಾರ ನೋಡುವ ಕೆಲಸವನ್ನಷ್ಟೇ ಮಾಡಲಿ. ಎಲ್ಲಿ ಹತ್ತು ನಿಮಿಷ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಲಿ. ಎರಡನೆಯ ಸಲ ಬರೆಯುವ ಪಟ್ಟಿ ಮೊದಲನೆಯದಕ್ಕಿಂತ ಚಿಕ್ಕದಾಗಿರುತ್ತದೆ. ಅತಿಥಿಗೆ ಕೊಡಬೇಕಾದದ್ದು ಆ ಎರಡನೆಯ ಪಟ್ಟಿ.